ಹಲವು ದೇಶಗಳ ಅಕಾಡೆಮಿಕ್ ಟ್ರಯಲ್: ಯಾವುದು ಎಲ್ಲರಿಗೂ ಒಂದೇ ಇರಬೇಕು, ಯಾವುದನ್ನು ಅವರವರಿಗೆ ಬಿಡಬೇಕು?

ಗಡಿನಾಡು (ಸಂಶೋಧನಾ ಸಂಯೋಜಕಿ, ಉತ್ತರ ಕರ್ನಾಟಕ)

ನಮ್ಮ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗ ಹಲವು ದೇಶಗಳ, ಕಂಪನಿಯಲ್ಲದೆ ವಿಶ್ವವಿದ್ಯಾಲಯಗಳೇ ನಡೆಸುವ ಒಂದು ಔಷಧ ಪ್ರಯೋಗಕ್ಕೆ, ಅಂದರೆ ಅಕಾಡೆಮಿಕ್ ಟ್ರಯಲ್‌ಗೆ ಸೇರುವ ಮಾತುಕತೆಯಲ್ಲಿದೆ. ಗರ್ಭಿಣಿಯರಿಗೆ ಕೊಡುವ ಔಷಧ, ಹಳೆಯದು, ಅಗ್ಗದ್ದು. ಇದರಿಂದ ಯಾವ ಕಂಪನಿಗೂ ಲಾಭವಿಲ್ಲ, ಹಾಗಾಗಿ ಯಾವ ಕಂಪನಿಯೂ ಹಣ ಹಾಕುವುದಿಲ್ಲ. ಯುರೋಪಿನ ವಿಶ್ವವಿದ್ಯಾಲಯವೊಂದು ಮುಂದಾಳು. ಆಫ್ರಿಕಾದ ಎರಡು ದೇಶಗಳು ಮತ್ತು ನಾವು ಜೊತೆಗಾರರು.

ಪ್ರೋಟೊಕಾಲ್, ಅಂದರೆ ಪ್ರಯೋಗ ನಡೆಸುವ ಲಿಖಿತ ಯೋಜನೆ, ಚೆನ್ನಾಗಿದೆ. ತಲೆನೋವು ಅದರ ಬೆನ್ನಿಗೆ ಬಂದ ಕಡತದ್ದು. ಎಲ್ಲ ಕೇಂದ್ರಗಳಲ್ಲೂ ಏಕರೂಪದ ಕಾರ್ಯವಿಧಾನ ಇರಬೇಕೆಂದು ಒಪ್ಪಿಗೆ ಪತ್ರದ ಮಾದರಿ, ಮಾನಿಟರಿಂಗ್ (ಕೇಂದ್ರಗಳ ಕೆಲಸದ ಮೇಲ್ವಿಚಾರಣೆ) ಯೋಜನೆ, ಔಷಧ ಇಡುವ ಕಪಾಟಿನ ತಾಪಮಾನದ ದಾಖಲೆ, ಪ್ರತಿ ಸಿಬ್ಬಂದಿಯ ತರಬೇತಿ ಪ್ರಮಾಣಪತ್ರ, ಯಾರು ಯಾವ ಕೆಲಸಕ್ಕೆ ಸಹಿ ಹಾಕಬಹುದೆಂಬ ಪಟ್ಟಿ, ಎಲ್ಲವನ್ನೂ ಕಳಿಸಿದ್ದಾರೆ. ಹೊಸ ಔಷಧವೊಂದನ್ನು ಮೊದಲ ಬಾರಿ ಮನುಷ್ಯರಿಗೆ ಕೊಡುವಾಗ ಇದಿಷ್ಟೂ ಬೇಕು, ತಕರಾರಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗಲೇ ಸಿಗುವ ಮಾತ್ರೆಗೂ ಅಷ್ಟೇ ಬೇಕೇ?

ವಿಚಿತ್ರವೆಂದರೆ ನಮ್ಮ ಕಾನೂನು ಇಷ್ಟು ಕೇಳುವುದಿಲ್ಲ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಅಕಾಡೆಮಿಕ್ ಟ್ರಯಲ್‌ಗೆ ಬೇರೆಯೇ ದಾರಿ ಮಾಡಿಕೊಟ್ಟಿವೆ. ಈಗಾಗಲೇ ಅನುಮತಿ ಇರುವ ಔಷಧವನ್ನು ಬೇರೆ ಕಾಯಿಲೆಗೆ, ಬೇರೆ ಪ್ರಮಾಣದಲ್ಲಿ ಅಥವಾ ಬೇರೆ ರೂಪದಲ್ಲಿ ಕೊಟ್ಟು ನೋಡುತ್ತಿದ್ದರೆ, ಫಲಿತಾಂಶವನ್ನು ಮಾರಾಟದ ಅನುಮತಿಗೆ ಬಳಸುವ ಉದ್ದೇಶವಿಲ್ಲದಿದ್ದರೆ, ಎಥಿಕ್ಸ್ ಕಮಿಟಿಯ (ಪ್ರಯೋಗಕ್ಕೆ ಒಳಗಾಗುವವರ ಹಿತ ಕಾಯುವ ಸಮಿತಿ) ಒಪ್ಪಿಗೆ ಸಾಕು. ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಡ. ಇದು ನಿಜಕ್ಕೂ ಅಕಾಡೆಮಿಕ್ ಹೌದೋ ಅಲ್ಲವೋ ಎಂದು ಕಮಿಟಿಗೆ ಅನುಮಾನ ಬಂದರೆ ನಿಯಂತ್ರಕರಿಗೆ ತಿಳಿಸಬೇಕು. 30 ಕೆಲಸದ ದಿನಗಳಲ್ಲಿ ಅವರು ಏನೂ ಹೇಳದಿದ್ದರೆ ಅನುಮತಿ ಬೇಕಿಲ್ಲವೆಂದೇ ಲೆಕ್ಕ.

ನನ್ನ ವಾದ ಇಷ್ಟು. ಅಳತೆ, ಅಂದರೆ ಏನನ್ನು ಹೇಗೆ ಅಳೆಯಬೇಕು ಎಂಬುದು, ಎಲ್ಲ ದೇಶಗಳಲ್ಲೂ ಒಂದೇ ಇರಲಿ, ಅಪಾಯ ಕಂಡಾಗ ಎಚ್ಚರಿಸುವ ಕ್ರಮವೂ ಒಂದೇ ಇರಲಿ. ಕಡತದ ಗಾತ್ರ, ಒಪ್ಪಿಗೆ ಪಡೆಯುವ ರೀತಿ, ತೊಂದರೆಯಾದವರಿಗೆ ಕೊಡುವ ಪರಿಹಾರ, ಇವುಗಳನ್ನು ಆಯಾ ದೇಶಕ್ಕೆ ಬಿಡಬೇಕು. ಸಾಮರಸ್ಯದ (ದೇಶಗಳ ನಿಯಮಗಳನ್ನು ಒಂದಕ್ಕೊಂದು ಹೊಂದಿಸುವುದು) ಹೆಸರಿನಲ್ಲಿ ಈಗ ನಡೆಯುತ್ತಿರುವುದು ಇದರ ತಿರುವುಮುರುವು: ಕಡತ ಒಂದೇ, ಅಳತೆ ಮಾತ್ರ ಅವರವರ ಇಷ್ಟ. ಇಲ್ಲಿ ಬೇರೆ ಬೇರೆ ಕಡೆ ಕೆಲಸ ಮಾಡುವವರು ಇದ್ದೀರಿ. ನಿಮ್ಮ ಅನುಭವ ಏನು?

ಶಾಲ್ಮಲಾ (ಟ್ರಯಲ್ ಮ್ಯಾನೇಜರ್, ನೆದರ್‌ಲ್ಯಾಂಡ್ಸ್)

ಗಡಿನಾಡು ಅವರೇ, ಅಂಥ ಕಡತ ಕಳಿಸುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಕಡೆಯ ಮಾತನ್ನೂ ಕೇಳಿ.

ಯುರೋಪು ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟುಕೊಂಡಿದೆ. 2001ರಲ್ಲಿ ಬಂದ ಕ್ಲಿನಿಕಲ್ ಟ್ರಯಲ್ ನಿರ್ದೇಶನ 2004ರ ಮೇ ತಿಂಗಳಿಂದ ಜಾರಿಯಾಯಿತು. ಉದ್ದೇಶ ಸಾಮರಸ್ಯವೇ ಆಗಿತ್ತು. ಆದರೆ ನಿರ್ದೇಶನ ಎಂದರೆ ಪ್ರತಿ ದೇಶವೂ ಅದನ್ನು ತನ್ನ ಕಾನೂನಾಗಿ ಮತ್ತೆ ಬರೆದುಕೊಳ್ಳಬೇಕು. ಪ್ರತಿ ದೇಶವೂ ತನಗೆ ತೋಚಿದಂತೆ ಬರೆದುಕೊಂಡಿತು. ಒಂದೇ ಪ್ರೋಟೊಕಾಲ್ ಅನ್ನು ಆರು ದೇಶಗಳಲ್ಲಿ ಆರು ಬಾರಿ ಸಲ್ಲಿಸಬೇಕು, ಆರು ಕಡೆಯೂ ಬೇರೆ ಬೇರೆ ತಿದ್ದುಪಡಿ ಕೇಳುತ್ತಾರೆ, ಕೊನೆಗೆ ಪ್ರೋಟೊಕಾಲ್ ಆರಾಗುತ್ತದೆ. ಕಂಪನಿಗಳು ಇದಕ್ಕೆಂದೇ ಒಂದು ವಿಭಾಗ ತೆರೆದುಕೊಂಡವು. ಪೆಟ್ಟು ಬಿದ್ದದ್ದು ವಿಶ್ವವಿದ್ಯಾಲಯಗಳಿಗೆ.

ಆಮೇಲೆ 2014ರಲ್ಲಿ ರೆಗ್ಯುಲೇಶನ್ ಎಂಬ ಬಗೆಯ ಕಾನೂನು ಬಂತು. ಸಂಖ್ಯೆ 536. ಇದು ನೇರವಾಗಿ ಎಲ್ಲ ಸದಸ್ಯ ದೇಶಗಳಿಗೂ ಅನ್ವಯ. ಜಾರಿಗೆ ಬಂದದ್ದು 2022ರ ಜನವರಿ 31ಕ್ಕೆ, ಏಕೆಂದರೆ ಎಲ್ಲರೂ ಅರ್ಜಿ ಹಾಕಬೇಕಾದ ಆ ಒಂದು ಆನ್‌ಲೈನ್ ವ್ಯವಸ್ಥೆ ಸಿದ್ಧವಾಗಲು ಅಷ್ಟು ಕಾಲ ಹಿಡಿಯಿತು. ಸರ್ಕಾರಿ ಸಾಫ್ಟ್‌ವೇರ್ ಎಲ್ಲ ಕಡೆಯೂ ಸರ್ಕಾರಿ ಸಾಫ್ಟ್‌ವೇರೇ.

ಇದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಅಂಶ ಒಂದಿದೆ. ಅರ್ಜಿಯನ್ನು ಎರಡು ಭಾಗ ಮಾಡಿದ್ದಾರೆ. ಒಂದನೇ ಭಾಗದಲ್ಲಿ ವಿಜ್ಞಾನ: ಔಷಧ, ಪ್ರೋಟೊಕಾಲ್, ಅಪಾಯ ಮತ್ತು ಪ್ರಯೋಜನದ ತೂಕ. ಇದನ್ನು ಒಂದು ದೇಶ ಮುಂದೆ ನಿಂತು ಪರಿಶೀಲಿಸುತ್ತದೆ, ಉಳಿದವು ಅದರೊಂದಿಗೆ ಕೂತು ಒಂದೇ ತೀರ್ಮಾನಕ್ಕೆ ಬರುತ್ತವೆ. ಎರಡನೇ ಭಾಗದಲ್ಲಿ ಒಪ್ಪಿಗೆ ಪತ್ರ, ಪರಿಹಾರ, ಕೇಂದ್ರದ ಯೋಗ್ಯತೆ, ವೈದ್ಯರ ಅರ್ಹತೆ. ಇದು ಸಂಪೂರ್ಣ ಆಯಾ ದೇಶದ್ದು. ನೀವು ಕೇಳುತ್ತಿರುವ ಗೆರೆ ಹೆಚ್ಚುಕಡಿಮೆ ಇದೇ ಅಲ್ಲವೇ? ಜೊತೆಗೆ, ಅನುಮತಿ ಇರುವ ಔಷಧವನ್ನು ರೂಢಿಯ ಚಿಕಿತ್ಸೆಗಿಂತ ಹೆಚ್ಚಿನ ಅಪಾಯವಿಲ್ಲದಂತೆ ಬಳಸುವ ಪ್ರಯೋಗಗಳಿಗೆ ಪ್ರತ್ಯೇಕ ವರ್ಗವಿದೆ. ಅಲ್ಲಿ ಮಾನಿಟರಿಂಗ್ ಕಡಿಮೆ, ವಿಮೆಯ ನಿಯಮವೂ ಸಡಿಲ.

ಹಾಗಿದ್ದೂ ನಾವು ಏಕೆ ಕಡತ ಕಳಿಸುತ್ತೇವೆ? ಪ್ರಾಯೋಜಕರ, ಅಂದರೆ ಪ್ರಯೋಗದ ಹೊಣೆ ಹೊತ್ತವರ, ಜಾಗದಲ್ಲಿ ನಮ್ಮ ವಿಶ್ವವಿದ್ಯಾಲಯದ ಹೆಸರಿರುತ್ತದೆ. ನಿಮ್ಮ ಊರಿನಲ್ಲಿ ಏನಾದರೂ ಎಡವಟ್ಟಾದರೆ ಇಲ್ಲಿನ ಕಾನೂನು ವಿಭಾಗ ಮೊದಲು ನನ್ನ ಮೇಜಿಗೆ ಬರುತ್ತದೆ. ಆ ವಿಭಾಗದವರಿಗೆ ಅಪಾಯಕ್ಕೆ ತಕ್ಕ ಮಾನಿಟರಿಂಗ್ ಎಂದರೆ ಏನೆಂದು ಗೊತ್ತಿಲ್ಲ, ತುಂಬಿದ ಫೈಲ್ ಎಂದರೆ ಗೊತ್ತು.

ಮೇಷ್ಟ್ರು (ನಿವೃತ್ತ ಔಷಧಶಾಸ್ತ್ರ ಪ್ರಾಧ್ಯಾಪಕ, ದಾವಣಗೆರೆ)

ಶಾಲ್ಮಲಾ, ನಿಮ್ಮ ಕಾನೂನು ವಿಭಾಗದವರು ಹಿಡಿದುಕೊಂಡಿರುವ ಗ್ರಂಥ ಎಲ್ಲಿಂದ ಬಂತು ಎಂಬುದನ್ನೂ ಇಲ್ಲಿ ಹೇಳಬೇಕು. 1990ರಲ್ಲಿ ಬ್ರಸೆಲ್ಸ್‌ನಲ್ಲಿ ಯುರೋಪ್, ಅಮೆರಿಕ, ಜಪಾನ್‌ಗಳ ಔಷಧ ನಿಯಂತ್ರಕರೂ ಆ ಮೂರು ಕಡೆಯ ಔಷಧ ಉದ್ಯಮದ ಸಂಘಗಳೂ ಸೇರಿ ಐಸಿಎಚ್ ಎಂಬ, ಔಷಧ ನಿಯಮಗಳನ್ನು ಹೊಂದಿಸುವ ವೇದಿಕೆ ಕಟ್ಟಿದರು. ಒಂದೇ ಔಷಧದ ಅನುಮತಿಗೆ ಮೂರು ಕಡೆ ಮೂರು ಬಗೆಯ ದಾಖಲೆ ಕೊಡುವ ಖರ್ಚು ತಪ್ಪಿಸುವುದು ಗುರಿ. 1996ರಲ್ಲಿ ಅಲ್ಲಿಂದಲೇ ಗುಡ್ ಕ್ಲಿನಿಕಲ್ ಪ್ರಾಕ್ಟೀಸ್ (ಜಿಸಿಪಿ) ಮಾರ್ಗಸೂಚಿ ಬಂತು. ಇ6 ಎಂದು ಕರೆಯುವುದು ಅದನ್ನೇ. ಮೇಜಿನ ಸುತ್ತ ಕೂತವರಲ್ಲಿ ನಮ್ಮಂಥ ಬೋಧನಾ ಆಸ್ಪತ್ರೆಯವರು ಇರಲಿಲ್ಲ, ಬಡ ದೇಶಗಳೂ ಇರಲಿಲ್ಲ. ಮಾರಾಟದ ಅನುಮತಿಗೆಂದು ಬರೆದದ್ದು ಕ್ರಮೇಣ ಎಲ್ಲ ಪ್ರಯೋಗಗಳಿಗೂ ಶಾಸನವಾಗಿ ಕೂತಿತು. ಭಾರತ ಇಂದಿಗೂ ಅಲ್ಲಿ ಸದಸ್ಯ ರಾಷ್ಟ್ರವಲ್ಲ, ವೀಕ್ಷಕ.

2016ರ ಪರಿಷ್ಕರಣೆಯ ಹೊತ್ತಿಗೆ ಹಲವು ದೇಶಗಳ ಸಂಶೋಧಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಫಲ ಸಿಕ್ಕಿದ್ದು ಈಚೆಗೆ. ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ತನ್ನದೇ ಮಾರ್ಗದರ್ಶಿ ಹೊರತಂದಿತು. 2025ರ ಜನವರಿಯಲ್ಲಿ ಇ6ರ ಮೂರನೇ ಪರಿಷ್ಕರಣೆ ಅಂಗೀಕಾರವಾಯಿತು. ಎರಡರ ಮಾತೂ ಒಂದೇ: ಎಚ್ಚರಿಕೆ ಅಪಾಯಕ್ಕೆ ತಕ್ಕಷ್ಟಿರಲಿ, ಫಲಿತಾಂಶದ ನಂಬಿಕೆಗೆ ಮತ್ತು ರೋಗಿಯ ಕ್ಷೇಮಕ್ಕೆ ಸಂಬಂಧಿಸಿದ ಅಂಶಗಳ ಮೇಲೆ ಗಮನವಿರಲಿ, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗಡಿನಾಡು, ನಿಮಗೆ ಬಂದ ಕಡತ ಹಳೆಯ ಆವೃತ್ತಿಯ ಕಾಲದ್ದಿರಬೇಕು. ಕೇಳಿ ನೋಡಿ.

ಆದರೆ ನಿಮ್ಮ ಪೋಸ್ಟ್‌ನಲ್ಲಿ ಒಂದು ಧಾಟಿ ನನಗೆ ಹಿಡಿಸಲಿಲ್ಲ. ಅಕಾಡೆಮಿಕ್ ಎಂದ ಕೂಡಲೇ ಅದು ನಿಷ್ಕಪಟ ಎಂಬ ಧಾಟಿ. ಜಪಾನಿನಲ್ಲಿ ವಾಲ್ಸಾರ್ಟಾನ್ ಎಂಬ ರಕ್ತದೊತ್ತಡದ ಔಷಧದ ಮೇಲೆ ಅಧ್ಯಯನ ನಡೆಸಿದ್ದು ವಿಶ್ವವಿದ್ಯಾಲಯಗಳು. ದತ್ತಾಂಶ ತಿರುಚಿದ್ದು, ಕಂಪನಿಯ ಉದ್ಯೋಗಿ ಅಂಕಿಅಂಶದ ಕೆಲಸದಲ್ಲಿ ಕೈಯಾಡಿಸಿದ್ದು ಬಯಲಾಯಿತು. ಪ್ರಬಂಧಗಳನ್ನು ಹಿಂಪಡೆದರು. 2018ರ ಏಪ್ರಿಲ್‌ನಿಂದ ಅಲ್ಲಿ ಜಾರಿಯಲ್ಲಿರುವ ಕ್ಲಿನಿಕಲ್ ಟ್ರಯಲ್ ಕಾಯ್ದೆ ಈ ಹಗರಣದ ಕೂಸು. ನಮ್ಮಲ್ಲಿ 2009ರಲ್ಲಿ ಖಮ್ಮಂ ಮತ್ತು ವಡೋದರಾ ಜಿಲ್ಲೆಗಳಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆ ನಡೆಸಿದ್ದೂ ಲಾಭದ ಕಂಪನಿಯಲ್ಲ. ಹೆತ್ತವರ ಬದಲು ವಸತಿ ನಿಲಯದ ವಾರ್ಡನ್‌ಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಲಸಿಕೆ ಪಡೆದ ಕೆಲವು ಹುಡುಗಿಯರು ಸತ್ತರು. ತನಿಖೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ, ನಿಜ. ಒಪ್ಪಿಗೆ ಪಡೆದ ರೀತಿ ಮಾತ್ರ ನಾಚಿಕೆಗೇಡು.

ಒಂದೊಂದು ದೇಶದ ನಿಯಮವೂ ಆ ದೇಶದ ಹಳೆಯ ಗಾಯದ ಕಲೆ. ಅಮೆರಿಕದವರಿಗೆ ಟಸ್ಕಿಗೀ (ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ನೋಡಿದ ಅಧ್ಯಯನ), ಯುರೋಪಿನವರಿಗೆ ಥಾಲಿಡೊಮೈಡ್ (ಗರ್ಭಿಣಿಯರು ನುಂಗಿ ಮಕ್ಕಳು ಅಂಗವಿಕಲರಾಗಿ ಹುಟ್ಟಿದ ಮಾತ್ರೆ), ಜಪಾನಿಗೆ ವಾಲ್ಸಾರ್ಟಾನ್, ನಮಗೆ ಖಮ್ಮಂ. ಏಕರೂಪ ಮಾಡಲು ಹೊರಟವರು ಇದನ್ನು ಮರೆತು, ಇದೇನು ಸುಮ್ಮನೆ ಅಡ್ಡಿ ಎಂದು ಉಜ್ಜಿ ಹಾಕಲು ನೋಡುತ್ತಾರೆ.

ಅಂಕಿಸಂಖ್ಯೆ (ಜೈವಿಕ ಸಂಖ್ಯಾಶಾಸ್ತ್ರ, ಬೆಂಗಳೂರು)

ಮೂವರೂ ಕಾನೂನಿನ ಬಗ್ಗೆ ಬರೆದಿರಿ. ಅಳತೆ ಒಂದೇ ಇರಲಿ ಎಂದು ಗಡಿನಾಡು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ನನ್ನ ಪ್ರಕಾರ ಅಸಲು ಕಥೆ ಇರುವುದೇ ಅಲ್ಲಿ. ನಿಮ್ಮ ವಿಷಯ ಗರ್ಭಿಣಿಯರದ್ದೇ ಆದ್ದರಿಂದ, ಬೆಳಗಾವಿಗೂ ನಂಟಿರುವ ಒಂದು ಪ್ರಕರಣ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಇದು ಮಕ್ಕಳ ಜೀವ ಉಳಿಸುತ್ತದೆ ಎಂಬುದು ದಶಕಗಳಿಂದ ಗೊತ್ತಿತ್ತು. ಹಾಗಾದರೆ ಹಳ್ಳಿಹಳ್ಳಿಗೂ ತಲುಪಿಸೋಣ ಎಂದು ಆ್ಯಕ್ಟ್ ಎಂಬ ಪ್ರಯೋಗ ನಡೆಯಿತು. ಅರ್ಜೆಂಟೀನಾ, ಗ್ವಾಟೆಮಾಲಾ, ಕೀನ್ಯಾ, ಜಾಂಬಿಯಾ, ಪಾಕಿಸ್ತಾನ, ಭಾರತ. ನಮ್ಮಲ್ಲಿ ಬೆಳಗಾವಿ ಮತ್ತು ನಾಗಪುರ. ಸುಮಾರು 1 ಲಕ್ಷ ಹೆರಿಗೆಗಳು. ಫಲಿತಾಂಶ 2015ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅತಿ ಕಡಿಮೆ ತೂಕದ ಮಕ್ಕಳಿಗೆ ಪ್ರಯೋಜನ ಕಾಣಲಿಲ್ಲ. ಒಟ್ಟು ಮಕ್ಕಳನ್ನು ತೆಗೆದುಕೊಂಡರೆ 28 ದಿನಗಳೊಳಗಿನ ಸಾವು ಸ್ಟೀರಾಯ್ಡ್ ತಲುಪಿಸಿದ ಪ್ರದೇಶಗಳಲ್ಲಿ ಸಾವಿರಕ್ಕೆ 27.4, ತಲುಪಿಸದ ಕಡೆ 23.9. ಹೆಚ್ಚಾಗಿತ್ತು! ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು.

ಐದು ವರ್ಷಗಳ ನಂತರ ವಿಶ್ವ ಆರೋಗ್ಯ ಸಂಸ್ಥೆಯ ಆ್ಯಕ್ಷನ್ ಪ್ರಯೋಗ. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನಗಳ 29 ಆಸ್ಪತ್ರೆಗಳು, 2,852 ಮಹಿಳೆಯರು. ಔಷಧ ಅದೇ ಸ್ಟೀರಾಯ್ಡ್, ಡೆಕ್ಸಾಮೆಥಸೋನ್. ಈ ಬಾರಿ ನವಜಾತ ಶಿಶು ಮರಣ ಔಷಧ ಪಡೆದವರಲ್ಲಿ ಶೇ 19.6, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮದ್ದು) ಪಡೆದವರಲ್ಲಿ ಶೇ 23.5. ಪ್ರಯೋಜನ ಎಷ್ಟು ಸ್ಪಷ್ಟವಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು.

ಒಂದೇ ಔಷಧ, ಹೆಚ್ಚಿನವು ಬಡ ದೇಶಗಳೇ, ಎದುರುಬದುರು ಉತ್ತರ. ಕಾರಣಗಳು ಹಲವು. ಎರಡನೆಯದು ನವಜಾತ ಶಿಶುವಿನ ಆರೈಕೆ ಇರುವ ಆಸ್ಪತ್ರೆಗಳಲ್ಲಿ ನಡೆಯಿತು, ಅದು ದೊಡ್ಡ ಕಾರಣ. ಇನ್ನೊಂದು, ಬಸಿರಿಗೆ ಎಷ್ಟು ವಾರ ಎಂದು ಅಳೆದ ಬಗೆ. ಆ್ಯಕ್ಟ್‌ನಲ್ಲಿ ಹಳ್ಳಿಯ ಕಾರ್ಯಕರ್ತೆಯರ ಕೈಯಲ್ಲಿ ಇದ್ದದ್ದು ಕೊನೆಯ ಮುಟ್ಟಿನ ದಿನಾಂಕ. ಅದು ನೆನಪಿಲ್ಲದವರಿಗೆ ಹೊಟ್ಟೆಯ ಎತ್ತರ ಅಳೆಯುವ ಟೇಪು. ಆ್ಯಕ್ಷನ್‌ನಲ್ಲಿ ಅಲ್ಟ್ರಾಸೌಂಡ್. ಟೇಪಿನ ಲೆಕ್ಕ ತಪ್ಪಿದರೆ ದಿನ ತುಂಬಿದ ಗರ್ಭಿಣಿಗೂ ಸ್ಟೀರಾಯ್ಡ್ ಹೋಗುತ್ತದೆ. ಬೇಕಾದವರಿಗೆ ಸಿಗುವುದಿಲ್ಲ, ಬೇಡದವರಿಗೆ ಸಿಗುತ್ತದೆ.

ಎರಡೂ ಪ್ರಯೋಗಗಳಿಗೆ ಎಥಿಕ್ಸ್ ಒಪ್ಪಿಗೆ ಇತ್ತು, ನೋಂದಣಿ ಇತ್ತು, ತರಬೇತಿ ಇತ್ತು. ಜಿಸಿಪಿ ಪರಿಶೀಲನಾ ಪಟ್ಟಿ ಹಿಡಿದು ಹೋದರೆ ಎರಡೂ ಪಾಸು. ಬಸಿರಿನ ವಾರವನ್ನು ಯಾವ ಸಾಧನದಿಂದ, ಎಷ್ಟನೇ ವಾರದೊಳಗೆ ಅಳೆದಿರಿ ಎಂಬುದು ಆ ಪಟ್ಟಿಯಲ್ಲಿ ಇರುವುದೇ ಇಲ್ಲ.

ಕಿರುದನಿ

ಸಣ್ಣ ಪ್ರಶ್ನೆ. ಹಾಗಾದರೆ ಆ್ಯಕ್ಟ್ ಪ್ರಯೋಗ ತಪ್ಪು, ಆ್ಯಕ್ಷನ್ ಸರಿ ಎನ್ನುತ್ತಿದ್ದೀರಾ?

ಅಂಕಿಸಂಖ್ಯೆ

ಖಂಡಿತ ಇಲ್ಲ. ಎರಡೂ ತಮ್ಮ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿವೆ. ಇರುವ ವ್ಯವಸ್ಥೆಯಲ್ಲೇ ಹಳ್ಳಿಗೆ ತಲುಪಿಸಿದರೆ ಏನಾಗುತ್ತದೆ ಎಂಬುದು ಮೊದಲನೆಯದರ ಪ್ರಶ್ನೆ. ಒಳ್ಳೆಯ ಆಸ್ಪತ್ರೆಯಲ್ಲಿ, ಸರಿಯಾದ ವಾರಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದು ಎರಡನೆಯದರ ಪ್ರಶ್ನೆ. ಆ್ಯಕ್ಟ್ ನಡೆಯದಿದ್ದರೆ ಆ ಇಂಜೆಕ್ಷನ್ ಇಷ್ಟೊತ್ತಿಗೆ ಎಲ್ಲ ಉಪಕೇಂದ್ರಗಳನ್ನೂ ತಲುಪಿರುತ್ತಿತ್ತು. ನನ್ನ ಮಟ್ಟಿಗೆ ಅದು ಈ ಶತಮಾನದ ಬಹು ಮುಖ್ಯ ಪ್ರಯೋಗಗಳಲ್ಲಿ ಒಂದು.

ತುಂಗಾತೀರ (ಎಥಿಕ್ಸ್ ಕಮಿಟಿಯ ಸಾಮಾನ್ಯ ಸದಸ್ಯ, ಶಿವಮೊಗ್ಗ)

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅವರಲ್ಲಿ ಒಬ್ಬ ಜನಸಾಮಾನ್ಯ, ಒಬ್ಬ ಮಹಿಳೆ, ಒಬ್ಬ ಕಾನೂನು ತಜ್ಞ ಇರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರಾಗಿರಬೇಕು ಎಂಬ ನಿಯಮದಿಂದಾಗಿ ನನ್ನಂಥವನಿಗೆ ಅಲ್ಲಿ ಕುರ್ಚಿ ಸಿಕ್ಕಿದೆ.

ಎಲ್ಲ ದೇಶಗಳಿಗೂ ಒಂದೇ ಎಥಿಕ್ಸ್ ಪರಿಶೀಲನೆ ಸಾಕು ಎಂಬ ಮಾತು ಈಚೆಗೆ ಜೋರಾಗಿ ಕೇಳುತ್ತಿದೆ. ಅಮೆರಿಕದಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಣದ ಬಹುಕೇಂದ್ರ ಸಂಶೋಧನೆಗೆ 2018ರಿಂದ ಒಂದೇ ಕಮಿಟಿ. ಒಂದು ದೇಶದೊಳಗೆ ಅದು ಸರಿ. ನಮ್ಮಲ್ಲೂ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ದಾರಿ ಇಟ್ಟಿದೆ. ಗಡಿ ದಾಟಿ ಬಂದಾಗ ನನಗೆ ಭಯ.

ಒಂದು ಉದಾಹರಣೆ. ಹೊರದೇಶದ ಮಾದರಿಯ ಒಪ್ಪಿಗೆ ಪತ್ರವೊಂದು ನಮ್ಮ ಮುಂದೆ ಬಂತು. ದತ್ತಾಂಶ ಸಂರಕ್ಷಣೆಯ ಕಾನೂನಿನ ವಿವರವೇ ಮೂರು ಪುಟ. ಮದ್ದಿನಿಂದ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಆಸ್ಪತ್ರೆಗೆ ಬರಲು ಬಸ್ ಖರ್ಚು ಯಾರು ಕೊಡುತ್ತಾರೆ ಎಂಬುದು ಕೊನೆಯ ಪುಟದ ಕೆಳಗೆ. ಸಹಿ ಬಾರದ ತಾಯಿ ಹೆಬ್ಬೆಟ್ಟು ಒತ್ತುವಾಗ ಪಕ್ಷಪಾತವಿಲ್ಲದ ಸಾಕ್ಷಿಯೊಬ್ಬರು ಕೂತು ಪೂರ್ತಿ ಕೇಳಿಸಿಕೊಳ್ಳಬೇಕು ಎಂಬುದು ನಮ್ಮ ಕ್ರಮ. ಅಷ್ಟು ಉದ್ದದ ಪತ್ರವನ್ನು ಓದಿ ಹೇಳುವ ಹೊತ್ತಿಗೆ ಸಾಕ್ಷಿಯೇ ಎದ್ದು ಹೋಗುತ್ತಾನೆ. ನಾವು ಕ್ರಮ ತಿರುಗಿಸಿ ಬರೆಯಲು ಹೇಳಿದೆವು. ಜಾಗತಿಕ ಮಾದರಿ ಬದಲಿಸಲಾಗದು ಎಂಬ ಉತ್ತರ ಬಂತು. ಎರಡು ಸಭೆಗಳ ನಂತರ ಬದಲಿಸಿದರು.

ಇನ್ನು ಪರಿಹಾರ. 2019ರ ನಿಯಮಗಳಲ್ಲಿ ಸೂತ್ರವೇ ಇದೆ. ಮೂಲ ಮೊತ್ತ 8 ಲಕ್ಷ ರೂಪಾಯಿ, ಅದನ್ನು ವಯಸ್ಸು ಮತ್ತು ಅಪಾಯದ ಅಂಕಗಳಿಂದ ಗುಣಿಸಿ 99.37ರಿಂದ ಭಾಗಿಸಬೇಕು. ಗಣಿತದ ಮೇಷ್ಟ್ರಾದ ನನಗೂ ಆ ದಶಮಾಂಶ ಕಂಡು ನಗು ಬಂತು. ಅಕಾಡೆಮಿಕ್ ಟ್ರಯಲ್‌ಗೆ ಐಸಿಎಂಆರ್ ಮಾರ್ಗಸೂಚಿ ಅನ್ವಯ. ಅದು ಹೊಣೆಯನ್ನು ಸಂಸ್ಥೆಯ ತಲೆಗೆ ಕಟ್ಟುತ್ತದೆ. ಎಷ್ಟು ಕೊಡಬೇಕು ಎನ್ನುವುದಕ್ಕೆ ನಮ್ಮ ಕಮಿಟಿ ಇದೇ ಸೂತ್ರವನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಅಲ್ಲಿ ಜರ್ಮನಿಯ ಔಷಧ ಕಾನೂನು ಸಾವು ಅಥವಾ ಶಾಶ್ವತ ಅಸಮರ್ಥತೆಗೆ ಪ್ರತಿ ವ್ಯಕ್ತಿಗೆ ಕನಿಷ್ಠ 5 ಲಕ್ಷ ಯೂರೊ ವಿಮೆ ಕೇಳುತ್ತದೆಯಂತೆ. ಒಂದೇ ಮಾತ್ರೆ, ಒಂದೇ ಪ್ರಯೋಗ. ಏಕರೂಪದ ಬಗ್ಗೆ ಇಷ್ಟು ಆಸಕ್ತಿಯಿರುವವರು ಈ ಸಾಲಿಗೆ ಬಂದಾಗ ಮಾತ್ರ ಸ್ಥಳೀಯ ಕಾನೂನಿನಂತೆ ಎಂದು ಬರೆಯುತ್ತಾರೆ.

ಶಾಲ್ಮಲಾ

ತುಂಗಾತೀರ ಸರ್, ಕೊನೆಯ ಮಾತು ಚುಚ್ಚಿತು. ಚುಚ್ಚಬೇಕಾದದ್ದೇ. ಗಡಿನಾಡು ಅವರ ವಾದಕ್ಕೂ ಅದು ತಟ್ಟುತ್ತದೆ, ಗಮನಿಸಿ: ಪರಿಹಾರವನ್ನು ಆಯಾ ದೇಶಕ್ಕೆ ಬಿಡಿ ಎಂದು ಅವರೇ ಬರೆದಿದ್ದಾರೆ. ಹಾಗೆ ಬಿಟ್ಟರೆ ಅತಿ ಕಡಿಮೆ ಕೊಡುವ ದೇಶ ಪ್ರಾಯೋಜಕರಿಗೆ ಅತಿ ಅಗ್ಗವಾಗುತ್ತದೆ.

ಮುಂಬಯಿ ಕನ್ನಡಿಗ (ತುರ್ತು ಚಿಕಿತ್ಸಾ ವೈದ್ಯ)

ಒಪ್ಪಿಗೆಯ ರೀತಿ ದೇಶದಿಂದ ದೇಶಕ್ಕೆ ಬೇರೆಯಾದರೆ ಫಲಿತಾಂಶ ಕೆಡುತ್ತದೆ ಎಂದು ಹೆದರುವವರಿಗೆ ಕ್ರ್ಯಾಷ್-2 ನೆನಪಿಸುತ್ತೇನೆ. ಅಪಘಾತದಲ್ಲಿ ರಕ್ತಸ್ರಾವವಾದವರಿಗೆ ಅದನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟ ಪ್ರಯೋಗ. ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ನಡೆಸಿದ್ದು. 40 ದೇಶ, 274 ಆಸ್ಪತ್ರೆ, 20,211 ರೋಗಿಗಳು; ಭಾರತದ ಆಸ್ಪತ್ರೆಗಳೂ ಇದ್ದವು. 2010ರಲ್ಲಿ ಪ್ರಕಟವಾಯಿತು. ಸಾವು ಶೇ 16ರಿಂದ 14.5ಕ್ಕೆ ಇಳಿಯಿತು. ಈಗ ನಮ್ಮ ಅಪಘಾತ ವಿಭಾಗದ ಟ್ರೇಯಲ್ಲಿ ಆ ಔಷಧ ಸದಾ ಇರುತ್ತದೆ.

ರಕ್ತ ಸುರಿಯುತ್ತಿರುವವನ ಒಪ್ಪಿಗೆ ಯಾರಿಂದ ಪಡೆಯಬೇಕು? ಸಂಬಂಧಿಕರಿಂದಲೇ, ಇಲ್ಲದಿದ್ದರೆ ವೈದ್ಯರ ನಿರ್ಧಾರವೇ, ಆಮೇಲೆ ಎಚ್ಚರವಾದ ಮೇಲೆ ಕೇಳುವುದೇ? ಇದನ್ನೆಲ್ಲ ಆಯಾ ದೇಶದ ಕಾನೂನಿಗೂ ಸ್ಥಳೀಯ ಎಥಿಕ್ಸ್ ಕಮಿಟಿಗೂ ಬಿಟ್ಟಿದ್ದರು. ಆದರೆ ಯಾರನ್ನು ಸೇರಿಸಬೇಕು, ಎಷ್ಟು ಗ್ರಾಂ, ಎಷ್ಟು ಗಂಟೆಯೊಳಗೆ, 28 ದಿನಗಳ ಒಳಗೆ ಆಸ್ಪತ್ರೆಯಲ್ಲಿ ಸಾವು ಸಂಭವಿಸಿತೇ, ಈ ನಾಲ್ಕರಲ್ಲಿ ಎಲ್ಲೂ ಸಡಿಲ ಇರಲಿಲ್ಲ. ಫಾರ್ಮ್ ಚಿಕ್ಕದು. ಜಿಲ್ಲಾ ಆಸ್ಪತ್ರೆಯ ರಾತ್ರಿ ಪಾಳಿಯ ಕಿರಿಯ ವೈದ್ಯನೂ ತುಂಬಬಹುದಾದಷ್ಟು. ಕಡತ ದಪ್ಪವಿದ್ದಿದ್ದರೆ 20,000 ಜನ ಎಲ್ಲಿಂದ ಬರುತ್ತಿದ್ದರು? ಸಾವಿನ ಪ್ರಮಾಣದಲ್ಲಿ ಒಂದೂವರೆ ಅಂಶದ ವ್ಯತ್ಯಾಸ ಹಿಡಿಯಲು ಅಷ್ಟು ಜನ ಬೇಕೇ ಬೇಕು.

ಕೋವಿಡ್ ಕಾಲದಲ್ಲಿ ಬ್ರಿಟನ್ ನಡೆಸಿದ ರಿಕವರಿ ಪ್ರಯೋಗವನ್ನು ಎಲ್ಲರೂ ಹೊಗಳುತ್ತಾರೆ. ಪ್ರೋಟೊಕಾಲ್ ಬರೆಯಲು ಕೂತ ಒಂಬತ್ತು ದಿನಗಳಲ್ಲಿ ಮೊದಲ ರೋಗಿ ಸೇರಿದ, 2020ರ ಜೂನ್‌ನಲ್ಲೇ ಡೆಕ್ಸಾಮೆಥಸೋನ್‌ನ ಉತ್ತರ ಸಿಕ್ಕಿತು ಎಂದು. ಹೊಗಳಿಕೆ ಸರಿ. ಆದರೆ ಅದನ್ನು ಹಾಗೇ ತಂದು ಇಲ್ಲಿ ನೆಡಲಾಗದು. ಅಲ್ಲಿ ರೋಗಿ ಬದುಕಿದನೇ ಇಲ್ಲವೇ ಎಂಬುದನ್ನು ರಾಷ್ಟ್ರೀಯ ಆರೋಗ್ಯ ಸೇವೆಯ ದಾಖಲೆಗಳಿಂದಲೇ ತಿಳಿಯಬಹುದು. ಇಲ್ಲಿ ನರ್ಸ್ ಫೋನ್ ಮಾಡಿ ಕೇಳಬೇಕು, ಫೋನ್ ಸಿಗದಿದ್ದರೆ ಊರಿಗೆ ಹೋಗಬೇಕು. ಆ ಖರ್ಚನ್ನು ಬಜೆಟ್‌ನಲ್ಲಿ ಮೊದಲೇ ಬರೆಸಿಕೊಳ್ಳಿ, ಗಡಿನಾಡು ಅವರೇ.

ಮೇಷ್ಟ್ರು

ಮುಂಬಯಿ ಕನ್ನಡಿಗರ ಉದಾಹರಣೆ ಚೆನ್ನಾಗಿದೆ. ಔಷಧದ ಪ್ರಮಾಣದ ಬಗ್ಗೆ ಒಂದು ಅಡ್ಡಮಾತು. ಬೆಳಗಾವಿ, ನಾಗಪುರಗಳೂ ಸೇರಿದ್ದ ಆ್ಯಸ್ಪಿರಿನ್ ಪ್ರಯೋಗದಲ್ಲಿ, ಮೊದಲ ಬಸಿರಿನ 11,976 ಮಹಿಳೆಯರ ಅಧ್ಯಯನದಲ್ಲಿ, ಕೊಟ್ಟದ್ದು ದಿನಕ್ಕೆ 81 ಮಿಲಿಗ್ರಾಂ. ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು, 2020ರಲ್ಲಿ ಪ್ರಕಟ. 81 ಅಮೆರಿಕದ ಔಷಧದ ಅಂಗಡಿಯ ಸಂಖ್ಯೆ. ನಮ್ಮ ಅಂಗಡಿಯಲ್ಲಿ ಸಿಗುವುದು 75. ಪ್ರಯೋಗ ಮುಗಿದ ಮೇಲೆ ದಾವಣಗೆರೆಯ ವೈದ್ಯೆ 75 ಬರೆಯುತ್ತಾಳೆ. 6 ಮಿಲಿಗ್ರಾಂನಿಂದ ಆಕಾಶ ಬೀಳುವುದಿಲ್ಲ, ಆದರೂ ಎಲ್ಲ ದೇಶಗಳಿಗೂ ಒಂದೇ ಪ್ರಮಾಣ ಎಂದಾಗ ಯಾರ ಅಂಗಡಿಯ ಪ್ರಮಾಣ ಎಂದು ಕೇಳುವ ಅಭ್ಯಾಸ ಒಳ್ಳೆಯದು.

ಒಂದು ದೇಶದ ಪರಿಶೀಲನೆಯನ್ನು ಇನ್ನೊಂದು ಒಪ್ಪುವ ವಿಷಯದಲ್ಲಿ ಯುರೋಪಿಗಿಂತ ಆಫ್ರಿಕಾದ ಕಡೆ ನೋಡಿ ಎನ್ನುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 2006ರಲ್ಲಿ ಶುರುವಾದ ಆವರೆಫ್ ಎಂಬ ವೇದಿಕೆಯಲ್ಲಿ ಹಲವು ದೇಶಗಳ ನಿಯಂತ್ರಕರೂ ಎಥಿಕ್ಸ್ ಕಮಿಟಿಯವರೂ ಒಟ್ಟಿಗೆ ಕೂತು ಒಂದೇ ಅರ್ಜಿಯನ್ನು ಓದುತ್ತಾರೆ, ಪ್ರಶ್ನೆಗಳನ್ನು ಒಟ್ಟುಮಾಡಿ ಒಮ್ಮೆಲೇ ಕೇಳುತ್ತಾರೆ. ಅಂತಿಮ ಸಹಿ ಮಾತ್ರ ಅವರವರದೇ. ದಕ್ಷಿಣ ಏಷ್ಯಾದ ನಿಯಂತ್ರಕರು ಹೀಗೆ ಒಂದೇ ಕೋಣೆಯಲ್ಲಿ ಕೂರುವ ದಿನ ನನ್ನ ಆಯಸ್ಸಿನಲ್ಲಿ ಬಂದೀತೆಂಬ ಭರವಸೆ ನನಗಿಲ್ಲ.

ಗಡಿನಾಡು

ಎಲ್ಲರಿಗೂ ಧನ್ಯವಾದ. ಶಾಲ್ಮಲಾ ಅವರು ತೋರಿಸಿದ ತೊಡಕು ಸರಿಯಾಗಿದೆ. ಪರಿಹಾರದಲ್ಲಿ ಆಯಾ ದೇಶದ ಕಾನೂನು ಕನಿಷ್ಠ ಮಿತಿ ಎಂದೂ, ಅದರ ಮೇಲೆ ಚಿಕಿತ್ಸೆಯ ಪೂರ್ತಿ ಖರ್ಚು ಎಲ್ಲ ದೇಶಗಳಲ್ಲೂ ಪ್ರಾಯೋಜಕರದೇ ಎಂದೂ ಒಪ್ಪಂದದಲ್ಲಿ ಬರೆಸಲು ಕೇಳುತ್ತೇವೆ. ನಮ್ಮ ಪಾಲಿಗೆ ಇಲ್ಲಿನದೇ ವಿಮಾ ಪಾಲಿಸಿ ಬೇಕಾಗುತ್ತದೆ. ಅದರ ಕಂತು ಯೋಜನೆಯ ಹಣದಿಂದ ಬರಬೇಕು, ಕಾಲೇಜಿನಿಂದಲ್ಲ. ವಿದೇಶಿ ಹಣ ಇರುವುದರಿಂದ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಗೂ ಹೋಗಬೇಕು. ಔಷಧ ನಿಯಂತ್ರಕರ ಬಾಗಿಲು ತಪ್ಪಿದರೂ ಆ ಬಾಗಿಲು ತಪ್ಪದು. ಈ ಕಾಲಾವಧಿ ಯುರೋಪಿನವರ ವೇಳಾಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಅಂಕಿಸಂಖ್ಯೆ ಅವರು ಬರೆದದ್ದನ್ನು ಓದಿ ಪ್ರೋಟೊಕಾಲ್ ಮತ್ತೆ ತೆಗೆದು ನೋಡಿದೆ. ಬಸಿರಿನ ವಾರದ ಬಗ್ಗೆ, ತರಬೇತಿ ಪಡೆದ ಸೂಲಗಿತ್ತಿ ಅಥವಾ ನರ್ಸ್ ಕೈಯಲ್ಲಿ ಹಿಡಿಯುವ ಅಲ್ಟ್ರಾಸೌಂಡ್ ಸಾಧನದಿಂದ ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಅಳೆಯುವುದು ಎಂದಿದೆ. ಆಫ್ರಿಕಾದ ಎರಡೂ ಕೇಂದ್ರಗಳು ಒಪ್ಪಿವೆ. ನಮ್ಮಲ್ಲಿ ಇದು ನಡೆಯುತ್ತದೆಯೇ?

ಅಂಕಿಸಂಖ್ಯೆ

ನಡೆಯುವುದಿಲ್ಲ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರ ಮತ್ತು ಅದು ಇರುವ ಜಾಗ ಎರಡೂ ನೋಂದಣಿಯಾಗಿರಬೇಕು. ಗರ್ಭಿಣಿಯ ಸ್ಕ್ಯಾನ್ ಮಾಡುವವರು ನಿಗದಿತ ಅರ್ಹತೆಯ ವೈದ್ಯರೇ ಆಗಿರಬೇಕು, ಪ್ರತಿ ಸ್ಕ್ಯಾನ್‌ಗೂ ಫಾರ್ಮ್ ಎಫ್ ತುಂಬಬೇಕು. ಸಾಗಿಸಬಹುದಾದ ಯಂತ್ರಗಳಿಗೆ ಇನ್ನೂ ಬಿಗಿ ನಿಯಮ. ನರ್ಸ್ ಕೈಗೆ ಸಾಧನ ಕೊಟ್ಟು ಮನೆಮನೆಗೆ ಕಳಿಸಿದರೆ ಅದು ಶಿಕ್ಷಾರ್ಹ ಅಪರಾಧ.

ಇದಕ್ಕೆ ನಮಗಷ್ಟೇ ವಿನಾಯಿತಿ ಕೊಡಿ ಎಂದು ಕೇಳಬೇಡಿ. ಪ್ರೋಟೊಕಾಲ್‌ನ ಆ ವಾಕ್ಯವನ್ನೇ ಬದಲಿಸಲು ಹೇಳಿ. ಇಂತಿಷ್ಟು ವಾರದೊಳಗೆ ಅಲ್ಟ್ರಾಸೌಂಡ್‌ನಿಂದ ಭ್ರೂಣದ ಉದ್ದ ಅಳೆದು ವಾರ ನಿಗದಿ ಮಾಡಬೇಕು, ಎಲ್ಲ ದೇಶಗಳೂ ಒಂದೇ ಅಳತೆ ಪಟ್ಟಿ ಬಳಸಬೇಕು, ಕೆಲವು ಚಿತ್ರಗಳನ್ನು ಹೊರಗಿನ ತಜ್ಞರು ಮರುಪರಿಶೀಲಿಸಬೇಕು. ಅಷ್ಟು ಕಡ್ಡಾಯ. ಯಾರು ಅಳೆಯುತ್ತಾರೆ, ಎಲ್ಲಿ ಅಳೆಯುತ್ತಾರೆ ಎಂಬುದಕ್ಕೆ ಆಯಾ ದೇಶದ ಅನುಬಂಧ. ಆದರೆ ಮರುಪರಿಶೀಲನೆಗೆ ಚಿತ್ರ ಹೊರಗೆ ಕಳಿಸುವಾಗ ತಾಯಿಯ ಹೆಸರು ತೆಗೆದರೆ ಸಾಲದು. ಲಿಂಗ ಗೊತ್ತಾಗುವ ಯಾವ ಚಿತ್ರವೂ ಹೋಗಕೂಡದು. ಆ ಸಾಲನ್ನು ಈಗಲೇ ಸೇರಿಸಿ.

ಶಾಲ್ಮಲಾ

ಈ ಕಾಯ್ದೆಯ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರಿಗೂ ಗೊತ್ತಿರಲಾರದು. ಗಡಿನಾಡು ಅವರೇ, ಅನುಬಂಧದ ಕರಡು ನೀವೇ ಬರೆದು ಕಳಿಸಿ, ಅವರು ಬರೆದು ಕಳಿಸಲಿ ಎಂದು ಕಾಯಬೇಡಿ. ಪ್ರೋಟೊಕಾಲ್ ನೋಂದಣಿಗೆ ಹೋಗುವ ಮೊದಲೇ ಹೋದರೆ ಅದು ಮೂಲ ಪಠ್ಯದಲ್ಲಿ ಸೇರುತ್ತದೆ. ಆಮೇಲೆ ಹೋದರೆ ತಿದ್ದುಪಡಿ ಎನಿಸಿಕೊಂಡು ಎಲ್ಲ ದೇಶಗಳಲ್ಲೂ ಮತ್ತೆ ಕಮಿಟಿ ಸುತ್ತಬೇಕು.

ತುಂಗಾತೀರ

ಕರಡು ಸಿದ್ಧವಾದರೆ ಅದನ್ನು ಇಲ್ಲೂ ಹಾಕಿ. ಮುಂದಿನ ಸಭೆಯಲ್ಲಿ ಇಂಥದೇ ಒಂದು ಅರ್ಜಿ ನಮ್ಮ ಕಮಿಟಿಯ ಮುಂದೂ ಇದೆ. ಅದರಲ್ಲಿ ಸ್ಕ್ಯಾನ್ ಬಗ್ಗೆ ಏನು ಬರೆದಿದ್ದಾರೆ ಎಂದು ನೋಡಬೇಕು.